ಹಿಂಡಿ: ದನಕ್ಕೂ ಅದೇ ಹೆಸರು, ರೊಟ್ಟಿಗೂ ಅದೇ ಹೆಸರು ಯಾಕೆ?

ಹೋದ ತಿಂಗಳು ಮೈಸೂರು ಕಡೆಯ ಬೀಗರು ಕಲಬುರಗಿಗೆ, ನಮ್ಮ ಮನೆಗೆ ಬಂದಿದ್ದರು. ಊಟಕ್ಕೆ ಕೂತಾಗ ನಮ್ಮ ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ, "ಶೇಂಗಾ ಹಿಂಡಿ ಹಾಕ್ಲೇನ್ರಿ?" ಎಂದು ಕೇಳಿದಳು. ಬೀಗರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂಡಿ ಅಂದ್ರೆ ನಮ್ಮ ಕಡೆ ಹಸುಗೆ ಹಾಕೋದು ಅಲ್ವಾ?" ಅಂದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಅವ್ವನ ಮುಖ ಸಣ್ಣದಾಯಿತು. ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ನಮ್ಮಲ್ಲೂ ಎಮ್ಮೆಗೆ ನೆನೆಹಾಕಿ ಇಡುವುದು ಹಿಂಡಿಯೇ. ಅಂದಿನಿಂದ ಈ ಮಾತು ತಲೆಯಲ್ಲಿ ಕೂತಿದೆ.

ಈ ಕಡೆಯವರಲ್ಲದವರಿಗೆ ಒಂದು ಮಾತು. ಧಾರವಾಡದ ಕಡೆ ಶೇಂಗಾ ಚಟ್ನಿ ಅನ್ನುವುದನ್ನೇ ನಾವು ಶೇಂಗಾ ಹಿಂಡಿ ಅನ್ನುತ್ತೇವೆ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕೂಡ ಉಂಟು. ಚಟ್ನಿ ಎಂಬ ಮಾತು ಹಿಂದಿಯ 'ಚಾಟ್ನಾ', ಅಂದರೆ ನೆಕ್ಕು ಎಂಬುದರಿಂದ ಬಂದದ್ದು. ಅದು ತಿನ್ನುವ ರೀತಿಯಿಂದ ಹುಟ್ಟಿದ ಹೆಸರು. ಹಿಂಡಿ ಹಾಗಲ್ಲ, ಅದು ಮಾಡುವ ರೀತಿಯಿಂದ ಹುಟ್ಟಿದ ಹೆಸರು ಅಂತ ನನಗೆ ಅನಿಸುತ್ತದೆ.

ಬಟ್ಟೆ ಹಿಂಡು, ನಿಂಬೆಹಣ್ಣು ಹಿಂಡು ಅನ್ನುತ್ತೇವಲ್ಲ, ಅದೇ ಹಿಂಡು. ಹಳಗನ್ನಡದ ಎಷ್ಟೋ ಪದಗಳ ಮೊದಲಿಗಿದ್ದ 'ಪ' ಆಮೇಲೆ 'ಹ' ಆಯಿತು. ನಮ್ಮ ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಅಲ್ಲಿ ನಿಂತು ಹಾಲು ಬೇಕೆಂದರೆ 'ಪಾಲ್' ಅನ್ನಬೇಕಿತ್ತು. ತೆಲುಗಿನಲ್ಲಿ ಆ 'ಪ' ಇವತ್ತಿಗೂ ಹಾಗೇ ಇದೆ. ನಮ್ಮ ಹಾಲು ಅವರಿಗೆ ಪಾಲು, ನಮ್ಮ ಹುಲಿ ಅವರಿಗೆ ಪುಲಿ. ನಾವು ಹಿಂಡುತ್ತೇವೆ, ಅವರು 'ಪಿಂಡು'ತ್ತಾರೆ. ಗಾಣದಲ್ಲಿ ಎಳ್ಳಿನ ಎಣ್ಣೆ ತೆಗೆದ ಮೇಲೆ ಉಳಿಯುವುದು ಅವರಲ್ಲಿ 'ತೆಲಗಪಿಂಡಿ'. ತಮಿಳರು ಗಾಣದ ಹಿಂಡಿಗೆ 'ಪಿಣ್ಣಾಕ್ಕು' ಅನ್ನುತ್ತಾರೆ.

ಇಲ್ಲೊಂದು ತೊಡಕಿದೆ. ಗುರುಮಠಕಲ್ ಕಡೆ ತೆಲುಗಿನವರ ಮನೆಗೆ ಹೋದರೆ 'ಪಿಂಡಿ' ಅಂದರೆ ಬರೀ ಹಿಟ್ಟು. ಜೊನ್ನಪಿಂಡಿ ಅಂದರೆ ಜೋಳದ ಹಿಟ್ಟು. ಹಾಗಾದರೆ ನಮ್ಮ ಹಿಂಡಿಗೂ ಪುಡಿ ಅಂತಲೇ ಅರ್ಥವೇ? ಗಡಿಯಾಚೆಯಿಂದ ನಮ್ಮ ಅಡುಗೆಮನೆಗೆ ಬಂತೇ? ನನ್ನ ಗೆಳೆಯರೊಬ್ಬರು ಹೀಗೇ ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕನ್ನಡಕ್ಕೆ ಹಿಟ್ಟು ಎಂಬ ತನ್ನದೇ ಪದವಿದೆ. ಗೋಧಿಯದ್ದಾಗಲಿ ಜೋಳದ್ದಾಗಲಿ, ಅದನ್ನು ಯಾರೂ ಹಿಂಡಿ ಅನ್ನುವುದಿಲ್ಲ. ತೆಲುಗಿನಿಂದ ಬಂದಿದ್ದರೆ 'ಪ' ಉಳಿಸಿಕೊಂಡೇ ಬರುತ್ತಿತ್ತು ಅಂತಲೂ ಅನಿಸುತ್ತದೆ. ಇನ್ನು ಕೆಲವರು ಸಂಸ್ಕೃತದ ಪಿಂಡದಿಂದ ಅನ್ನುತ್ತಾರೆ. ದಿನಾ ಬಾಯಲ್ಲಿರುವ ಹಿಂಡು ಎಂಬ ಮಾತು ಪಕ್ಕದಲ್ಲೇ ಇರುವಾಗ ಅಷ್ಟು ದೂರ ಹೋಗಬೇಕೇ?

ನನಗೆ ದಾರಿ ತೋರಿಸಿದ್ದು ನಿಘಂಟಲ್ಲ, ಅವ್ವನ ಒಂದು ಮಾತು. ಮೊನ್ನೆ ನಾನೇ ಶೇಂಗಾ ಹುರಿದು, ಸಿಪ್ಪೆ ಊದಿ, ಖಾರ, ಉಪ್ಪು, ಜೀರಿಗೆ, ಬಳ್ಳೊಳ್ಳಿ ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದೆ. ಉದುರುದುರಾಗಿ ಬಂತು. ಅವ್ವ ಒಂದು ಚಿಟಿಕೆ ತೆಗೆದು ನೋಡಿ, "ಇದು ಹಿಂಡಿ ಆಗಿಲ್ಲ, ಬರೇ ಪುಡಿ ಆಗ್ಯಾದ" ಅಂದಳು. ಆಮೇಲೆ ಅದನ್ನು ಒಳ್ಳಿಗೆ ಹಾಕಿ ಕುಟ್ಟತೊಡಗಿದಳು. ಒಂದಷ್ಟು ಹೊತ್ತಿಗೆ ಬಣ್ಣ ಗಾಢವಾಯಿತು, ಒಳ್ಳಿನ ಅಂಚಿನಲ್ಲಿ ಎಣ್ಣೆಯ ಹೊಳಪು ಕಂಡಿತು. ಅವ್ವ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದಳು. ಬಿಟ್ಟಾಗ ಐದು ಬೆರಳಿನ ಗುರುತು ಮೂಡಿದ ಮುದ್ದೆ ಅಂಗೈಯಲ್ಲಿ ಹಾಗೇ ನಿಂತಿತ್ತು. ಅಂಗೈ ಎಣ್ಣೆಯಿಂದ ಮಿರಿಮಿರಿ ಮಿಂಚುತ್ತಿತ್ತು. "ಈಗ ಆತು ನೋಡು ಹಿಂಡಿ" ಅಂದಳು.

ಅಂದರೆ ಅವಳ ಲೆಕ್ಕದಲ್ಲಿ ಪುಡಿ ಬೇರೆ, ಹಿಂಡಿ ಬೇರೆ. ಎಣ್ಣೆ ಬಿಟ್ಟುಕೊಂಡು, ಹಿಂಡಿದರೆ ನಿಲ್ಲಬೇಕು. ಅಗಸಿ, ಎಳ್ಳು, ಗುರೆಳ್ಳು, ಶೇಂಗಾ ಎಲ್ಲವೂ ಎಣ್ಣೆಕಾಳುಗಳೇ. ಗಾಣಕ್ಕೆ ಹೋಗುವ ಕಾಳುಗಳೂ ಇವೇ. ಹಾಗಾಗಿ ದನದ ಹಿಂಡಿಯ ಹೆಸರು ತಟ್ಟೆಗೆ ಬಂದದ್ದಲ್ಲ, ತಟ್ಟೆಯದ್ದು ಕೊಟ್ಟಿಗೆಗೆ ಹೋದದ್ದೂ ಅಲ್ಲ. ಎರಡೂ ಹಿಂಡು ಎಂಬ ಒಂದೇ ತಾಯಿಯ ಮಕ್ಕಳು. ಗಾಣದಲ್ಲಿ ಎಣ್ಣೆ ಹೊರಗೆ ಹೋಗಿ ಉಳಿದದ್ದು ಹಿಂಡಿ. ಒಳ್ಳಿನಲ್ಲಿ ಎಣ್ಣೆ ಒಳಗೇ ಉಳಿದದ್ದು ಹಿಂಡಿ. ಬೀಗರಿಗೆ ಆ ದಿನ ನಾನು ಹೇಳಬೇಕಿದ್ದದ್ದು ಇದೇ. ಕೈಯ ಕೆಲಸದಿಂದ ತಿನಿಸಿಗೆ ಹೆಸರು ಬರುವುದು ನಮ್ಮಲ್ಲಿ ಹೊಸದೂ ಅಲ್ಲ. ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಖಾರದ ಜೊತೆ ಕುಟ್ಟಿ ಮುಷ್ಟಿಯಲ್ಲಿ ಒತ್ತಿ ಕೊಡುವುದು ಮುಟಗಿ ಅಲ್ವಾ?

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. 1498ರಲ್ಲಿ ಪೋರ್ಚುಗೀಸರ ಹಡಗು ನಮ್ಮ ಕರಾವಳಿಗೆ ಬರುವ ಮೊದಲು ಇಲ್ಲಿ ಎರಡೂ ಇರಲಿಲ್ಲ. ಶೇಂಗಾ ಎಂಬ ಹೆಸರೂ ಮರಾಠಿಯ 'ಶೇಂಗ್', ಅಂದರೆ ಕಾಯಿಯ ಸಿಪ್ಪೆ, ಕೋಡು ಎಂಬುದರಿಂದ ಬಂದದ್ದು. ಹಾಗಾದರೆ ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಯಾರಾದರೂ ರೊಟ್ಟಿಗೆ ಹಿಂಡಿ ಹಚ್ಚಿಕೊಂಡಿದ್ದರೆ ಅದು ಎಳ್ಳಿನದೋ ಅಗಸಿಯದೋ ಇರಬೇಕು, ಖಾರಕ್ಕೆ ಕಾಳುಮೆಣಸು ಇರಬೇಕು. ಒಳಗಿನ ಸಾಮಾನು ಬದಲಾಯಿತು, ಹೆಸರು ನಿಂತಿತು. ಮೆಣಸಿನಕಾಯಿಗೂ ಹಾಗೇ ಅಲ್ವಾ? ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟೆವು.

ನನ್ನ ವಾದಕ್ಕೆ ಎದುರು ನಿಲ್ಲುವ ಪದ ಒಂದಿದೆ. ಹಣ್ಣು ಮೆಣಸಿನಕಾಯಿ ಅರೆದು ಮಾಡುವ ರಂಜಕಕ್ಕೆ ಕೆಲವರು 'ಕೆಂಪು ಹಿಂಡಿ' ಅನ್ನುತ್ತಾರೆ. ಅದರಲ್ಲಿ ಎಣ್ಣೆಕಾಳೇ ಇಲ್ಲ. ಕುಟ್ಟಿದ್ದು, ಅರೆದದ್ದು ಎಲ್ಲಕ್ಕೂ ಹೆಸರು ಆಮೇಲೆ ಹಬ್ಬಿರಬಹುದು ಅಂತ ನಾನು ತಿಳಿದಿದ್ದೇನೆ.

ಅದಕ್ಕೇ ಕೇಳುತ್ತಿದ್ದೇನೆ. ಶಹಾಪುರ, ಸುರಪುರದ ಕಡೆಯವರು ಪುಠಾಣಿ ಕುಟ್ಟಿದ್ದಕ್ಕೆ ಪುಡಿ ಅನ್ನುತ್ತೀರೋ, ಹಿಂಡಿ ಅನ್ನುತ್ತೀರೋ? ಪುಠಾಣಿ ಎಣ್ಣೆ ಬಿಡುವುದಿಲ್ಲ, ಹಾಗಾಗಿ ನನಗೆ ಅದರ ಹೆಸರು ಬಹಳ ಮುಖ್ಯ. ಭಾಲ್ಕಿ, ಔರಾದದವರ ಸುತ್ತ ಮರಾಠಿ ಇದೆ. ಅದರಲ್ಲಿ ಗಾಣದ ಹಿಂಡಿಗೆ 'ಪೇಂಡ್' ಎಂಬ ಬೇರೆ ಮಾತೇ ಉಂಟು. ಅಲ್ಲಿ ಮನೆಯೊಳಗೆ ಹಿಂಡಿ ಉಳಿದಿದೆಯೋ, ಚಟ್ನಿ ಗೆದ್ದಿದೆಯೋ? ಮನೆಯ ಹಿರಿಯರನ್ನು ಕೇಳಿ, ಊರಿನ ಹೆಸರು ಹಾಕಿ ಬರೆಯಿರಿ. ಸಾಧ್ಯವಾದರೆ ಅವರು ಕುಟ್ಟುವಾಗ ಪಕ್ಕದಲ್ಲಿ ಕೂತೇ ಕೇಳಿ.