ಅಪ್‌ಡೇಟ್: ಹಲಸಿನ ಹಪ್ಪಳಕ್ಕೆ ಗಿರಾಕಿ ಸಿಕ್ಕರು

ಮನೆಯಲ್ಲೇ ಮಾಡುವ ಹಲಸಿನ ಹಪ್ಪಳಕ್ಕೆ ಕಾಸರಗೋಡಿನ ಬದಿಯಡ್ಕ ಕಡೆ ಗಿರಾಕಿ ಹಿಡಿಯೋದು ಹೇಗೆ ಅಂತ ಕೇಳಿದ್ದೆ ಅಲ್ವಾ? ನೋಟೀಸು ಹಂಚಿದ್ದು ಸುಮ್ನೆ ದಂಡ. ‘ಕಾಯಿಸಿ ಕೊಡಿ, ತಿಂದು ನೋಡಲಿ’ ಅಂದ ಅಕ್ಕನ ಮಾತೇ ಫಲ ಕೊಟ್ಟಿತು. ಸಂಜೆ ಹೊತ್ತು ಪೇಟೆಯ ಅಂಗಡಿಯೊಂದರ ಜಗಲಿಯಲ್ಲಿ ಒಲೆ ಹಚ್ಚಿ, ತೆಂಗಿನೆಣ್ಣೆಯಲ್ಲಿ ಕಾಯಿಸಿ, ಬಿಸಿಬಿಸಿ ಚೂರು ಕೈಗಿಟ್ಟೆವು. ಪರಿಮಳಕ್ಕೇ ಜನ ನಿಂತರು. ‘ಖಾರ ಸಾಕಾ?’ ಅಂತ ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಕನ್ನಡದ ಜೊತೆ ಮಲಯಾಳದಲ್ಲೂ ಬೋರ್ಡು ಬರೆಸಿ ಅಂದವರಿಗೂ ಥ್ಯಾಂಕ್ಸ್.

ಗೊತ್ತಿಲ್ಲದ ಒಂದು ಸಂಗತಿ: ವಾಟ್ಸಾಪ್ ಬ್ರಾಡ್‌ಕಾಸ್ಟ್ ಮೆಸೇಜು (ಒಂದೇ ಸಲ ತುಂಬಾ ಜನರಿಗೆ ಕಳಿಸುವಂಥದ್ದು) ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ! ಈಗ ಹಪ್ಪಳದ ಕಟ್ಟು ಕೊಡುವಾಗಲೇ ಸೇವ್ ಮಾಡಿಸುತ್ತೇವೆ. ಮಳೆಗಾಲಕ್ಕೆ ಬೇಕೆಂದು ಕೆಲವರು ಈಗಲೇ ಹೇಳಿಟ್ಟಿದ್ದಾರೆ.