ಕೆನಡಾ ಪಿಆರ್ ಬಂದಿದೆ: ಮೊದಲು ಒಬ್ಬನೇ ಹೋಗಲಾ, ಮೂವರೂ ಹೋಗೋಣವಾ?

ದಾವಣಗೆರೆಯವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 11 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಹೆಂಡತಿ ನರ್ಸ್, ಮಗಳಿಗೆ 6 ವರ್ಷ. ಮೂವರಿಗೂ ಕೆನಡಾದ ಪಿಆರ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಯ ಪತ್ರ ಬಂದಿದೆ. ನವೆಂಬರ್‌ನಲ್ಲಿ ಟೊರೊಂಟೊ ಪಕ್ಕದ ಮಿಸಿಸಾಗಾ ಕಡೆ ಹೋಗುವ ಯೋಚನೆ. ಅಲ್ಲಿ ಕೆಲಸ ಇನ್ನೂ ಸಿಕ್ಕಿಲ್ಲ. ಮೊದಲು ನಾನೊಬ್ಬನೇ ಹೋಗಿ ಮನೆ, ಕೆಲಸ ನೋಡಿಕೊಂಡು ಆಮೇಲೆ ಇವರನ್ನು ಕರೆಸಿಕೊಳ್ಳಲಾ? ಇಲ್ಲ ಒಟ್ಟಿಗೇ ಹೋಗೋಣವಾ? ಏನೇನು ಒಯ್ಯಬೇಕು? ಏಜೆಂಟರ ಮಾತು ಕೇಳಿ ಕೇಳಿ ಸಾಕಾಗಿದೆ, ಅನುಭವ ಇರುವವರು ಹೇಳಿ.

ಬ್ರಾಂಪ್ಟನ್‌ನಿಂದ:

ಸರ್, ನಾನು ಒಬ್ಬನೇ ಬಂದೆ, ಈಗಲೂ ಅದೇ ಸರಿ ಅನ್ನುತ್ತೇನೆ. ಅರ್ಜಿ ನಿಮ್ಮ ಹೆಸರಿನಲ್ಲಿದ್ದರೆ ನೀವೇ ಮೊದಲು ಕೆನಡಾದಲ್ಲಿ ಇಳಿಯಬೇಕು, ಇಲ್ಲವೇ ಎಲ್ಲರೂ ಒಟ್ಟಿಗೆ. ನೀವು ಬರದೆ ಅವರು ಬರುವ ಹಾಗಿಲ್ಲ. ಅವರ ಪತ್ರಗಳಲ್ಲಿರುವ ಕೊನೆಯ ದಿನಾಂಕವನ್ನೂ ನೋಡಿಕೊಳ್ಳಿ. ಅಷ್ಟರೊಳಗೆ ಅವರೂ ಬಂದು ಇಳಿದಿರಬೇಕು.

ಕಾಗದದ ಕೆಲಸಕ್ಕೆ ಹೆದರಬೇಡಿ. ಸರ್ವಿಸ್ ಕೆನಡಾ ಅನ್ನುವ ಸರ್ಕಾರಿ ಕಚೇರಿಗೆ ಹೋದರೆ ಕೆಲಸಕ್ಕೆ, ತೆರಿಗೆಗೆ ಬೇಕಾದ ಸಿನ್ ನಂಬರ್, 9 ಅಂಕಿಯದು, ಪುಕ್ಕಟೆ ಕೊಡುತ್ತಾರೆ. ಆಮೇಲೆ ಬ್ಯಾಂಕ್ ಖಾತೆ, ಸರ್ಕಾರಿ ಖರ್ಚಿನ ಚಿಕಿತ್ಸೆಗೆ ಬೇಕಾದ ಹೆಲ್ತ್ ಕಾರ್ಡ್. ನಮ್ಮ ಊರುಗಳಿರುವ ಈ ಒಂಟಾರಿಯೊ ಪ್ರಾಂತ್ಯದಲ್ಲಿ ಹೆಲ್ತ್ ಕಾರ್ಡಿಗೆ ಮೊದಲು 3 ತಿಂಗಳು ಕಾಯಬೇಕಿತ್ತು, 2020ರಲ್ಲಿ ಅದನ್ನು ತೆಗೆದರು. ನನಗೆ ಇದೆಲ್ಲ ನಾಲ್ಕು ದಿನದಲ್ಲಿ ಮುಗಿಯಿತು.

ಕಷ್ಟ ಶುರುವಾಗಿದ್ದು ಮನೆ ಹುಡುಕುವಾಗ. ಓನರ್ ಕೇಳುವುದು ಎರಡೇ: ಕೆಲಸದ ಪತ್ರ, ಕ್ರೆಡಿಟ್ ಸ್ಕೋರ್. ಹೊಸಬರ ಹತ್ತಿರ ಎರಡೂ ಇರುವುದಿಲ್ಲ. ನಾನು ಊರಲ್ಲೇ ಕೂತು, ಫೋಟೋ ನೋಡಿ, ಒಂದು ಬೇಸ್‌ಮೆಂಟ್ ರೂಮಿಗೆ 600 ಡಾಲರ್ ಕಳಿಸಿಬಿಟ್ಟೆ. ಬಂದು ನೋಡಿದರೆ ಆ ವಿಳಾಸದಲ್ಲಿ ಬೇರೆ ಯಾರದೋ ಸಂಸಾರ. ಆ ಮನೆಯ ಅಜ್ಜಿ ನನ್ನ ಮುಖ ನೋಡಿ ನೀರು ಕೊಟ್ಟರು, ಪಾಪ. ಕಣ್ಣಾರೆ ನೋಡದ ಮನೆಗೆ ಒಂದು ಡಾಲರ್ ಕೂಡ ಕೊಡಬೇಡಿ. ಇಲ್ಲಿ ಅಡ್ವಾನ್ಸ್ ಅಂತ ಕೇಳಬಹುದಾದದ್ದು ಕೊನೆಯ ತಿಂಗಳ ಬಾಡಿಗೆ ಮಾತ್ರ. ಅದಕ್ಕೆ ಮೊದಲ ತಿಂಗಳ ಬಾಡಿಗೆ ಸೇರಿಸಿ ಕೊಡುತ್ತೀರಿ, ಅಷ್ಟೇ. ಬೆಂಗಳೂರಿನ ಹಾಗೆ 10 ತಿಂಗಳದ್ದಲ್ಲ.

ನನ್ನ ಲೈನಿನಲ್ಲಿ ಕೆಲಸ ಸಿಗಲು 5 ತಿಂಗಳಾಯಿತು. ಅಲ್ಲಿಯವರೆಗೆ ವೇರ್‌ಹೌಸ್‌ನಲ್ಲಿ ನೈಟ್ ಶಿಫ್ಟ್. ಹೆಂಡತಿ ಮಕ್ಕಳು ಜೊತೆಗಿದ್ದಿದ್ದರೆ ಆ 5 ತಿಂಗಳು ಹೇಗೆ ತಳ್ಳುತ್ತಿದ್ದೆನೋ ಗೊತ್ತಿಲ್ಲ.

ಮಿಸಿಸಾಗಾದಿಂದ:

ಮೇಲಿನ ಅಣ್ಣ ಹೇಳಿದ್ದು ಅವರ ಮಟ್ಟಿಗೆ ಸರಿ. ಹೆಂಡತಿಯನ್ನು ಕೇಳಿದ್ದೀರಾ? ನನ್ನ ಗಂಡನೂ 'ಎರಡೇ ತಿಂಗಳು' ಅಂತ ಹೇಳಿ ಬಂದರು, 8 ತಿಂಗಳಾಯಿತು. ನಾನು ಅತ್ತೆಮನೆಯಲ್ಲಿ ಮಗು ಇಟ್ಟುಕೊಂಡು, ಕೆಲಸ ಬಿಟ್ಟು, ದಿನಾ 'ಯಾವಾಗ ಹೊರಡೋದು' ಅಂತ ಕೇಳಿಸಿಕೊಂಡು ಕೂತೆ. ಎರಡು ಕಡೆ ಖರ್ಚು ಬೇರೆ.

ಮಗುವಿನ ವಿಷಯ. ಸರ್ಕಾರಿ ಶಾಲೆ ಫ್ರೀ, ಮನೆ ವಿಳಾಸ ನೋಡಿ ಶಾಲೆ ಗೊತ್ತಾಗುತ್ತದೆ. ಅಲ್ಲಿ ಡೊನೇಷನ್ ಇಲ್ಲ, ಸರ್ಕಾರಿ ಶಾಲೆ ಅಂತ ಮೂಗು ಮುರಿಯುವವರೂ ಇಲ್ಲ. ಲಸಿಕೆ ಕಾರ್ಡನ್ನು ತಾರೀಖುಗಳ ಸಮೇತ ಇಂಗ್ಲಿಷಿನಲ್ಲಿ ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ. ಸಿಡುಬಲ್ಲ, ಚಿಕನ್‌ಪಾಕ್ಸ್ ಲಸಿಕೆ ಕೇಳುತ್ತಾರೆ. ನಮ್ಮ ಕಾರ್ಡಿನಲ್ಲಿ ಅದು ಇರಲಿಲ್ಲ, ಇಲ್ಲಿ ಬಂದು ಹಾಕಿಸಿದೆವು.

ಚೈಲ್ಡ್ ಬೆನಿಫಿಟ್ ಅಂತ ಮಗುವಿಗಾಗಿ ಸರ್ಕಾರದಿಂದ ತಿಂಗಳು ತಿಂಗಳು ಹಣ ಬರುತ್ತದೆ, ಅದಕ್ಕೆ ತೆರಿಗೆ ಇಲ್ಲ. ಆದರೆ ಮಗು ನಿಮ್ಮ ಜೊತೆ ಇಲ್ಲೇ ವಾಸ ಇರಬೇಕು. ಅರ್ಜಿಯಲ್ಲಿ ಬರುವುದಕ್ಕೆ ಮುಂಚೆ ಊರಲ್ಲಿ ದುಡಿದದ್ದನ್ನೂ ಕೇಳುತ್ತಾರೆ, ಸರಿಯಾಗಿ ಬರೆಯಿರಿ.

ನಿಮ್ಮ ಮನೆಯವರು ನರ್ಸ್ ಅಂದಿರಲ್ಲ, ಅದು ದೊಡ್ಡ ಬಲ. ಒಂಟಾರಿಯೊದಲ್ಲಿ 'ಕಾಲೇಜ್ ಆಫ್ ನರ್ಸಸ್' ಅಂತಿದೆ. ಓದುವ ಕಾಲೇಜಲ್ಲ, ನೋಂದಣಿ ಮಾಡುವ ಮಂಡಳಿ. ಅಲ್ಲಿ ನೋಂದಣಿ ಆಗದೆ ನರ್ಸ್ ಕೆಲಸ ಇಲ್ಲ. ಓದಿದ ಕಾಲೇಜಿನಿಂದ, ನರ್ಸಿಂಗ್ ಕೌನ್ಸಿಲ್‌ನಿಂದ ದಾಖಲೆ ತೆಗೆಸುವ ಕೆಲಸವನ್ನು ಈಗಲೇ ಹಿಡಿಯಲಿ. ಇಲ್ಲಿಂದ ಫೋನ್ ಮಾಡಿ ಆ ಕೆಲಸ ಮಾಡಿಸುವುದು ಅಂದರೆ ದೇವರೇ ಗತಿ. ನಿಮಗಿಂತ ಮುಂಚೆ ಅವರಿಗೇ ಒಳ್ಳೆ ಕೆಲಸ ಸಿಕ್ಕರೂ ಸಿಗಬಹುದು, ನೋಡಿ.

ಇನ್ನೊಂದು, ನವೆಂಬರ್ ಯಾಕೆ? ಡಿಸೆಂಬರ್‌ನಲ್ಲಿ ಇಂಟರ್‌ವ್ಯೂಗೆ ಕರೆಯುವವರು ಕಡಿಮೆ, ಸಂಜೆ ಐದಕ್ಕೇ ಕತ್ತಲು. ಮಗುವಿಗೆ ಬೂಟು ಹಾಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಲಗೇಜ್ ಬಗ್ಗೆ ಮಾತ್ರ, ಸ್ಕಾರ್‌ಬರೋದಿಂದ:

ಮಿಕ್ಸಿ, ಗ್ರೈಂಡರ್ ತರಬೇಡಿ. ಇಲ್ಲಿ ಕರೆಂಟು 120 ವೋಲ್ಟ್, ನಮ್ಮ 230ರ ಮಿಕ್ಸಿ ಸುಮ್ನೆ ಗುರುಗುಟ್ಟುತ್ತದೆ. ಇಲ್ಲಿಗೆಂದೇ ಮಾಡಿದ್ದು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಕುಕ್ಕರ್ ತನ್ನಿ, ಗ್ಯಾಸ್ಕೆಟ್ ಎರಡು ಜಾಸ್ತಿ ತನ್ನಿ. ಸೋನಾ ಮಸೂರಿ, ರಾಗಿ ಹಿಟ್ಟು, ಬೇಳೆ ಎಲ್ಲ ಸಿಗುತ್ತವೆ. ಅಮ್ಮ ಮಾಡಿದ ಸಾರಿನ ಪುಡಿ ಸಿಗುವುದಿಲ್ಲ, ಆ ಜಾಗ ಅದಕ್ಕೆ ಇಡಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲ. ಓವನ್ ಆನ್ ಮಾಡದೆ ಅದರ ದೀಪ ಮಾತ್ರ ಹಾಕಿ, ಪಾತ್ರೆ ಒಳಗಿಡಿ. ಬೆಳಿಗ್ಗೆಗೆ ಉಕ್ಕಿರುತ್ತದೆ.

ಹಲ್ಲು, ಕನ್ನಡಕ ಅಲ್ಲೇ ಮುಗಿಸಿಕೊಳ್ಳಿ. ಹೆಲ್ತ್ ಕಾರ್ಡಿನಲ್ಲಿ ದೊಡ್ಡವರ ಹಲ್ಲಿನ ಖರ್ಚು ಬರುವುದಿಲ್ಲ. ನಾನು 'ಆಮೇಲೆ ನೋಡೋಣ' ಅಂದ ಒಂದು ರೂಟ್ ಕೆನಾಲಿಗೆ ಕೊಟ್ಟ ದುಡ್ಡಲ್ಲಿ ಊರಿಗೆ ಹೋಗಿ ಬರಬಹುದಿತ್ತು. ದಪ್ಪ ಜಾಕೆಟ್ ಬೆಂಗಳೂರಲ್ಲಿ ಕೊಳ್ಳಬೇಡಿ, ಮೈನಸ್ 20ಕ್ಕೆ ಅದು ಸಾಲದು.

ಒಡವೆ ಇದ್ದರೆ ಫೋಟೋ, ಬೆಲೆ ಸಮೇತ ಪಟ್ಟಿ ಮಾಡಿ. ಆಮೇಲೆ ತರುವ ಸಾಮಾನಿನ ಪಟ್ಟಿಯನ್ನೂ ಮೊದಲ ಸಲ ಇಳಿದಾಗಲೇ ಕಸ್ಟಮ್ಸ್‌ನವರಿಗೆ ಕೊಡಬೇಕು. 10,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಹಣ ಕೈಯಲ್ಲಿದ್ದರೆ ಹೇಳಿಬಿಡಿ. ತರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಹ್ಯಾಮಿಲ್ಟನ್‌ನಿಂದ:

ಡ್ರೈವಿಂಗ್ ಯಾರೂ ಹೇಳಲಿಲ್ಲ. ಇಲ್ಲಿ ನೆಲೆಸಿದ ಮೇಲೆ ಊರಿನ ಲೈಸೆನ್ಸ್ 60 ದಿನ ಮಾತ್ರ ನಡೆಯುತ್ತದೆ. ಎಷ್ಟು ವರ್ಷದಿಂದ ಲೈಸೆನ್ಸ್ ಇದೆ ಅಂತ ಆರ್‌ಟಿಒದಿಂದ ಇಂಗ್ಲಿಷಿನಲ್ಲಿ ಪತ್ರ ತೆಗೆದುಕೊಂಡು ಬನ್ನಿ. ಅದು ಇದ್ದರೆ ಬರೆಯುವ ಪರೀಕ್ಷೆ ಮುಗಿಸಿ, ವರ್ಷಗಟ್ಟಲೆ ಕಾಯದೆ ನೇರ ಜಿ, ಅಂದರೆ ಪೂರ್ಣ ಲೈಸೆನ್ಸಿನ ರೋಡ್ ಟೆಸ್ಟ್ ಕೊಡಬಹುದು. 15 ವರ್ಷ ಸಿಲ್ಕ್ ಬೋರ್ಡ್‌ನಲ್ಲಿ ಓಡಿಸಿದ ನಾನು ಮೊದಲ ಸಲ ಫೇಲ್. ಲೇನ್ ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ನೋಡಬೇಕು.

ವಾಪಸ್ ಬಂದವರು, ಮೈಸೂರಿನಿಂದ:

ಅಪ್ಪನಿಗೆ ಹುಷಾರಿಲ್ಲ ಅಂತ 14 ತಿಂಗಳಿಗೆ ವಾಪಸ್ ಬಂದೆ. 'ಸೋತು ಬಂದ' ಅಂದವರೂ ಇದ್ದಾರೆ. ಪಿಆರ್ ಅಷ್ಟಕ್ಕೇ ಹೋಗುವುದಿಲ್ಲ, 5 ವರ್ಷದಲ್ಲಿ 730 ದಿನ ಅಲ್ಲಿದ್ದರೆ ಸಾಕು. ಆದರೆ ಇಳಿದ 180 ದಿನದೊಳಗೆ ಅಲ್ಲಿನ ವಿಳಾಸ ಕೊಡಿ, ಪಿಆರ್ ಕಾರ್ಡ್ ಅಂಚೆಯಲ್ಲಿ ಆ ವಿಳಾಸಕ್ಕೇ ಬರುತ್ತದೆ. ಅದಿಲ್ಲದೆ ಊರಿಗೆ ಬಂದರೆ ಮತ್ತೆ ವಿಮಾನ ಹತ್ತಲು ಬೇರೆ ಪತ್ರಕ್ಕೆ ಅಲೆಯಬೇಕು. ಇಲ್ಲಿನ ಬ್ಯಾಂಕ್ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರ ಖಾತೆ, ಮಾಡಿಸುವುದನ್ನು ಮರೆಯಬೇಡಿ.

ಕೆಲಸ ಬಿಡುವ ಮುಂಚೆ ಒಂದು ಮಾತು. ಕೈಯಲ್ಲಿ ದುಡಿಮೆ ಇಲ್ಲದೆ ಎಷ್ಟು ತಿಂಗಳು ತಳ್ಳಬಹುದು ಅಂತ ಇಬ್ಬರೂ ಕೂತು ಲೆಕ್ಕ ಹಾಕಿ. ಆರು ತಿಂಗಳಿಗೆ ಸಾಲುವಷ್ಟಿದ್ದರೆ ಮೂವರೂ ಹೋಗಿ. ಇಲ್ಲದಿದ್ದರೆ ನೀವೊಬ್ಬರೇ.

ಮತ್ತೆ ದಾವಣಗೆರೆಯವರು:

ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಗೆ ಓದಿ ಹೇಳಿದೆ. ಮಿಸಿಸಾಗಾ ಅಕ್ಕನ ಮಾತಿಗೆ 'ಇದನ್ನೇ ನಾನು ಹೇಳಿದ್ದಲ್ವಾ' ಅಂದಳು. ಮೂವರ ಪತ್ರದಲ್ಲೂ ಜೂನ್‌ವರೆಗೆ ಸಮಯ ಇದೆ. ಮಗಳ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಮೂವರೂ ಹೊರಡುವುದು ಅಂತ ಆಗಿದೆ. ನಾಳೆ ಆರ್‌ಟಿಒಗೆ ಹೋಗುತ್ತೇನೆ. ಅವಳು ನರ್ಸಿಂಗ್ ಕೌನ್ಸಿಲ್ ಕೆಲಸ ಶುರು ಮಾಡುತ್ತಾಳೆ. ನನಗೆ ಮೇಲಿನ ದವಡೆಯಲ್ಲಿ ಒಂದು ಹಲ್ಲು ನೋವಿದೆ, ಅದನ್ನೂ ತೋರಿಸಿಬಿಡುತ್ತೇನೆ.