ಭತ್ತದ ಗದ್ದೆಯ ನೀರಲ್ಲಿ ತೇಲುವ ಎಲೆ ಕೊಳವೆಗಳು: ಯಾವ ಪತಂಗದ್ದು?

ಕೆಸರುಗದ್ದೆ: ನಾಟಿಯಾಗಿ 20 ದಿನದ ಭತ್ತ. ಗರಿಗಳ ತುದಿ ಕತ್ತರಿ ಹಾಕಿದಂತೆ ನೇರವಾಗಿ ತುಂಡಾಗಿದೆ, ಉಳಿದ ಭಾಗದಲ್ಲಿ ಬಿಳಿ ಪಟ್ಟೆ. ನೀರಿನ ಮೇಲೆ ಬೆರಳಿನ ಗೆಣ್ಣುದ್ದದ ಎಲೆ ಸುರುಳಿಗಳು ತೇಲುತ್ತಿವೆ. ರಾತ್ರಿ ದೀಪಕ್ಕೆ ಸಣ್ಣ ಬಿಳಿ ಪತಂಗ ಬರುತ್ತಿದೆ. ಎಲೆ ಸುರುಳಿ ಹುಳುವೇ? ಔಷಧಿ ಹೊಡೆಯಬೇಕೇ?

ಹಸಿರುಗರಿ: ಅಲ್ಲ, ಇದು ಕೊಳವೆ ಹುಳು. ಶಾಸ್ತ್ರೀಯ ಹೆಸರು ಪ್ಯಾರಾಪಾಯ್ನಿಕ್ಸ್ ಸ್ಟಾಗ್ನಾಲಿಸ್. ಎಲೆ ಸುರುಳಿ ಹುಳು ಗರಿಯನ್ನು ಗಿಡದಲ್ಲೇ ಉದ್ದಕ್ಕೆ ಮಡಚುತ್ತದೆ, ತುಂಡರಿಸುವುದಿಲ್ಲ. ಅದರ ಪತಂಗ ಹಳದಿ ಮಿಶ್ರಿತ ಕಂದು, ರೆಕ್ಕೆಯಲ್ಲಿ ಕಪ್ಪು ಗೆರೆ. ಕೊಳವೆ ಹುಳುವಿನ ಪತಂಗ ಬಿಳಿ, ಮೇಲೆ ತಿಳಿಕಂದು ಮತ್ತು ಕಪ್ಪು ಗುರುತು, ರೆಕ್ಕೆ ಹರಡಿದರೆ ಸುಮಾರು 15 ಮಿ.ಮೀ.

ಹೆಣ್ಣು ನೀರಿಗೆ ತಾಗಿದ ಗರಿಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ, ನಾಲ್ಕಾರು ದಿನಕ್ಕೆ ಮರಿ. ಮರಿ ಸ್ವಲ್ಪ ಬಲಿತ ಮೇಲೆ ಗರಿಯ ತುದಿ ಕತ್ತರಿಸಿ, ರೇಷ್ಮೆಯಂಥ ನೂಲಿನಿಂದ ಕೊಳವೆ ಕಟ್ಟಿಕೊಳ್ಳುತ್ತದೆ. ಒಳಗಿನ ಹುಳುವನ್ನು ಬಿಡಿಸಿ ನೋಡಿ: ತಿಳಿಹಸಿರು ಮೈ, ಪಕ್ಕಗಳಲ್ಲಿ ಎಳೆಎಳೆಯಾದ ಕಿವಿರು. ಉಸಿರಾಟಕ್ಕೆ ಕೊಳವೆಯಲ್ಲಿ ನೀರಿರಲೇಬೇಕು. ಇದೇ ಅದರ ದುರ್ಬಲ ಜಾಗ. ಸುಮಾರು ಮೂರು ವಾರ ಹಸಿರು ಕೆರೆದು ತಿಂದು, ಕೊಳವೆಯನ್ನು ಬುಡಕ್ಕೆ ಅಂಟಿಸಿ ಅದರಲ್ಲೇ ಕೋಶವಾಗುತ್ತದೆ. ವಾರದೊಳಗೆ ಪತಂಗ ಹೊರಗೆ.

ನೀರ್ಗಾಲುವೆ: ಔಷಧಿಗೆ ಮೊದಲು ನೀರು ಬಸಿಯಿರಿ. ಇಬ್ಬರು ಎರಡು ಬದುವಿನಲ್ಲಿ ನಿಂತು ಹಗ್ಗವನ್ನು ಪೈರಿನ ಮೇಲೆ ಎಳೆದರೆ ಕೊಳವೆಗಳು ನೀರಿಗೆ ಉದುರುತ್ತವೆ. ಆಮೇಲೆ ನೀರನ್ನು ಗದ್ದೆಯಿಂದ ಹೊರಗೆ ಬಿಡುವಾಗ, ತೂಬಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಕೊಳವೆ ಹಿಡಿದು ನಾಶ ಮಾಡಿ. ಪರದೆ ಮರೆತರೆ ಹುಳು ಕೆಳಗಿನ ಗದ್ದೆಗೆ ತೇಲಿಹೋಗುತ್ತದೆ. ಎರಡು ಮೂರು ದಿನ ಗದ್ದೆ ನೀರಿಲ್ಲದೆ ಇರಲಿ.

ಕೆಸರುಗದ್ದೆ: ಹಗ್ಗ ಎಳೆಯುವಾಗ ಸೀಮೆಎಣ್ಣೆ ಹಾಕುವುದುಂಟಲ್ಲ?

ನೀರ್ಗಾಲುವೆ: ಉಂಟು, ಆದರೆ ನೀರು ಬಸಿಯಲು ದಾರಿಯಿದ್ದರೆ ಬೇಡ. ಕಪ್ಪೆ, ಜೇಡ, ಬಸವನಹುಳು ಎಲ್ಲಕ್ಕೂ ಪೆಟ್ಟು. ಬಸವನಹುಳು ಈ ಪತಂಗದ ಮೊಟ್ಟೆ ತಿನ್ನುತ್ತದೆ.

ಹಸಿರುಗರಿ: ತಗ್ಗಿನ ಮೂಲೆ ಬಸಿಯದೆ ಉಳಿದರೆ ಹುಳು ಅಲ್ಲೇ ಬದುಕುತ್ತದೆ. ಅಲ್ಲಿಂದ ಬಸಿಗಾಲುವೆಗೆ ಒಂದು ಗೆರೆ ತೋಡಿ. ಗಾಳಿ ಕೊಳವೆಗಳನ್ನು ಒಂದೇ ಬದಿಗೆ ತಳ್ಳುವುದರಿಂದ ಪೈರು ತೇಪೆತೇಪೆಯಾಗಿ ಬೆಳ್ಳಗಾಗುತ್ತದೆ, ಗಾಬರಿಯಾಗಬೇಡಿ. ತೆಂಡೆ (ಬುಡದಿಂದ ಬರುವ ಹೊಸ ಕವಲು) ಒಡೆಯುವ ಹಂತದಲ್ಲಿದ್ದರೆ ಪೈರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.